ಗುಳಿಗೆಗೂ ಒಂದು ಹೆಪ್ಪು

೧೩ ನವೆಂಬರ್ ೧೯೮೮, ಭಾನುವಾರ. ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕುಳಿತೆ.

ಮೊದಲೇ ಹೇಳಿಬಿಡುತ್ತೇನೆ, ಇದು ಜಂಬದ ಬರಹ. ಜಂಬ ಕೊಚ್ಚುವವರು ಸಾಮಾನ್ಯವಾಗಿ ‘ಇದನ್ನು ಜಂಬ ಅಂತ ತಿಳಿಯಬೇಡಿ’ ಎಂದು ಶುರು ಮಾಡುತ್ತಾರೆ. ನೀವು ಹಾಗೆಯೇ ತಿಳಿಯಿರಿ, ನನಗೇನೂ ಬೇಸರವಿಲ್ಲ. ಕೆಲವರಿಗೆ ಹೊಲದ ಎರೆಮಣ್ಣಿನ ಬಗ್ಗೆ ಜಂಬ, ಕೆಲವರಿಗೆ ಮುತ್ತಜ್ಜ ಎತ್ತಿದ ಸಂಗ್ರಾಣಿ ಕಲ್ಲಿನ ಬಗ್ಗೆ ಜಂಬ. ನನಗೆ ನಮ್ಮ ಆಯಿಯ ಬಿ.ಪಿ. ಗುಳಿಗೆಯ ಬಗ್ಗೆ. ಕಾಳಿನಷ್ಟು ಚಿಕ್ಕ ಬಿಳಿ ಗುಳಿಗೆ ಅದು, ಮಧ್ಯದಲ್ಲಿ ಒಂದು ಗೆರೆ. ಅದರ ಬಗ್ಗೆ ಜಂಬಪಡಲು ಏನಿದೆ ಎಂದು ಕೇಳುವಿರಿ. ಕೇಳಿ. ಹೇಳಲೆಂದೇ ಕುಳಿತಿದ್ದೇನೆ. ಪಕ್ಕದ ಕೋಣೆಯಲ್ಲಿ ಆಯಿ ಪೂಜೆಗೆ ಕುಳಿತಿದ್ದಾಳೆ, ಅವಳು ಏಳುವ ತನಕ ನನ್ನನ್ನು ಯಾರೂ ಕರೆಯುವುದಿಲ್ಲ.

ದಿನಾಂಕ, ಗಂಟೆ ಬರೆದಿಡುವುದು ನನಗೆ ಎಂಟನೇ ಇಯತ್ತೆಯಿಂದ ಅಂಟಿಕೊಂಡ ಚಟ. ನಮ್ಮ ನೆಲೋಗಿಯಲ್ಲಿ ಗಡಿಯಾರ ನೋಡಿ ಬದುಕುವವರು ಇಬ್ಬರೇ, ಬಸ್ಸಿನ ಕಂಡಕ್ಟರು ಮತ್ತು ನಾನು. ಕಂಡಕ್ಟರು ಗಡಿಯಾರ ನೋಡಿಯೂ ತಡವಾಗಿ ಬರುತ್ತಾರೆ. ನಾನು ಅವರು ತಡವಾಗಿ ಬಂದದ್ದನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ. ಇದರಿಂದ ಬಸ್ಸಿಗೂ ಲಾಭವಿಲ್ಲ, ನನಗೂ ಇಲ್ಲ. ಊರ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಸಿಕ್ಕಿದ ಮೇಲಂತೂ ಹಾಜರಿ ಹಾಕುವ ಕೈ ಮನೆಯಲ್ಲೂ ಸುಮ್ಮನಿರಲಿಲ್ಲ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಅಪ್ಪ ಎಷ್ಟು ಸಲ ಚಹಾ ಕೇಳಿದ, ನಿಬ್ಬಿಗೆ ಎಷ್ಟು ಸಲ ಶಾಯಿ ತುಂಬಿದೆ, ಎಲ್ಲದಕ್ಕೂ ಅಡ್ಡಗೆರೆ ಉದ್ದಗೆರೆ.

‘ಈ ಶಕ್ಕುನ್ನ ಮದಿವಿ ಮಾಡ್ಕೊಳ್ಳಾಂವ ದಿನಾ ಮುಂಜಾನೆ ಎದ್ದು ಹಾಜರಿ ಹೇಳಬೇಕ ನೋಡು’ ಎಂದು ಆಯಿ ನಗುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ, ನೀಲಮ್ಮ. ಅವಳ ಜೀವನದಲ್ಲಿ ಗಡಿಯಾರಕ್ಕೆ ಜಾಗವೇ ಇರಲಿಲ್ಲ. ಎದ್ದು ಸ್ನಾನ ಮಾಡುವುದು, ವಿಭೂತಿ ಹಚ್ಚುವುದು, ಕೊರಳ ಲಿಂಗವನ್ನು ಬಿಚ್ಚಿ ಎಡಅಂಗೈಯ ಮೇಲಿಟ್ಟು ನೀರು ಎರೆದು, ಪತ್ರಿ ಏರಿಸಿ, ಅದನ್ನೇ ನೋಡುತ್ತ ಕೂಡುವುದು. ಅದು ಮುಗಿಯುವ ತನಕ ಬಾಯಿಗೆ ಗುಟುಕು ನೀರೂ ಇಲ್ಲ. ಮದುವೆಯಾಗಿ ಬಂದ ದಿನವೂ ಅದು ತಪ್ಪಿಲ್ಲ, ಅಪ್ಪ ಹುಟ್ಟಿದ ವಾರವೂ ತಪ್ಪಿಲ್ಲ ಎಂದು ಅವಳೇ ಹೇಳುತ್ತಾಳೆ. ಜಂಬ ನಮ್ಮ ಮನೆಯಲ್ಲಿ ನನ್ನಿಂದ ಶುರುವಾದದ್ದಲ್ಲ ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮುಂಜಾನೆ ಆಯಿಯ ರೊಟ್ಟಿ ಸೊಟ್ಟಗಾಯಿತು. ನೀವು ಜೋಳದ ರೊಟ್ಟಿ ಬಡಿಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ, ಬಲಗೈ ಬಡಿಯುತ್ತದೆ, ಎಡಗೈ ಮೆಲ್ಲಗೆ ತಿರುಗಿಸುತ್ತದೆ. ಹೆಸರು ಬಲಗೈಯದ್ದು, ದುಂಡು ಎಡಗೈಯದ್ದು. ಆ ಮುಂಜಾನೆ ಎಡಗೈ ತಿರುಗಿಸುವುದನ್ನು ಮರೆತಿತು. ರೊಟ್ಟಿ ಒಂದು ಕಡೆ ಹಾಳೆಯಷ್ಟು ತೆಳ್ಳಗೆ, ಇನ್ನೊಂದು ಕಡೆ ಹಾಗೇ ಮುದ್ದೆ. ‘ಇದ್ಯಾಕ ಹಿಂಗ?’ ಎಂದು ಕೇಳಿದ ಆಯಿಯ ಮಾತೂ ಅವಳ ರೊಟ್ಟಿಯ ಹಾಗೆಯೇ ಒಂದು ಬದಿಗೆ ವಾಲಿತ್ತು. ಅಪ್ಪ ಸಿಕ್ಕ ಜೀಪಿನಲ್ಲಿ ಜೇವರ್ಗಿಗೆ ಒಯ್ದ. ಡಾಕ್ಟರು ರಟ್ಟೆಗೆ ಬಟ್ಟೆ ಸುತ್ತಿ, ಗಾಳಿ ತುಂಬಿ, ಪಾದರಸ ಏರಿದ್ದನ್ನು ನೋಡಿ, ಇನ್ನೊಮ್ಮೆ ತುಂಬಿದರು.

‘ಲಕ್ವಾ ಬಾಗಲತನಾ ಬಂದು ಹೊಳ್ಳಿ ಹೋಗೇದ್ರಿ. ಒಳಗ ಬರೂದು ಬ್ಯಾಡಂದ್ರ ಈ ಗುಳಿಗಿ ದಿನಾ ತಗೋಬೇಕು’ ಅಂದರು.

‘ಎಷ್ಟು ದಿನಾರಿ?’ ಎಂದಳು ಆಯಿ.

‘ದಿನಾ ಅಂದ್ರ ದಿನಾನಽ ಆಯಿ. ಇರೂತನಾ.’

ಕೈ ಕೆಲವೇ ವಾರಗಳಲ್ಲಿ ಮರಳಿ ಬಂತು. ಮಾತು ಅದಕ್ಕಿಂತ ಮೊದಲು ಬಂತು, ಎರಡರಷ್ಟು ಬಂತು. ಆದರೆ ಪೂಜೆಯ ಹೊತ್ತಿಗೆ ಮಾತ್ರ ಆ ಎಡಅಂಗೈ ಸಣ್ಣಗೆ ನಡುಗುತ್ತಿತ್ತು. ಅಂಗೈಯ ಗುಣಿಯಲ್ಲಿ ನಿಂತ ನೀರು ಅಲುಗಾಡುವುದು ನನಗೆ ಕಾಣುತ್ತಿತ್ತು. ಆಯಿ ಬಲಗೈಯನ್ನು ಅದರ ಕೆಳಗೆ ಆನಿಸಿ ಹಿಡಿಯುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು, ‘ನಾ ಸಾಯಾಕ ಅಂಜಂಗಿಲ್ಲ ಶಕ್ಕು. ಎಲ್ಲಾರೂ ಹೋಗಾವ್ರ. ಈ ಕೈ ಜಾರಿ ಲಿಂಗಪ್ಪ ನೆಲಕ್ಕ ಬಿದ್ದಾನಂದ್ರ, ಅದೊಂದಕ್ಕ ಅಂಜಿಕಿ.’

ಅಂದಿನಿಂದ ನನ್ನ ಗೆರೆಗಳಿಗೆ ಒಂದು ಕೆಲಸ ಸಿಕ್ಕಿತು. ಎಮ್ಮೆ, ಚಹಾ, ಶಾಯಿ ಎಲ್ಲ ಬಿಟ್ಟು ಗುಳಿಗೆ ಎಣಿಸಲು ತೊಡಗಿದೆ.

ಎಣಿಸುವುದು ಸುಲಭ, ನುಂಗಿಸುವುದು ಕಷ್ಟ. ಯಾಕೆಂದರೆ ನಮ್ಮ ಕಡೆ ರೋಗ ಅಂದರೆ ಬೀಗರ ಹಾಗೆ. ಜ್ವರ ಬರುತ್ತದೆ, ನಾಲ್ಕು ದಿನ ಹಾಸಿಗೆ ಹಿಡಿಸುತ್ತದೆ, ಉಪಚಾರ ಮಾಡಿಸಿಕೊಂಡು ಹೋಗುತ್ತದೆ. ಹೋದ ಮೇಲೂ ಎಲೆ ಹಾಕಿ ಬಡಿಸುತ್ತ ಕೂಡುವವರು ಯಾರು? ಬಿ.ಪಿ. ಹಾಗಲ್ಲ. ಅದು ಮನೆಅಳಿಯ. ಗದ್ದಲವಿಲ್ಲ, ನೋವಿಲ್ಲ, ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಹೋಗುವುದೂ ಇಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಮರ್ಯಾದೆ ಸಲ್ಲಬೇಕು. ಒಂದು ದಿನ ತಪ್ಪಿದರೆ ಅಂದೇ ಏನೂ ಅನ್ನುವುದಿಲ್ಲ, ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಇದನ್ನು ಊರಿನವರಿಗೆ ತಿಳಿಸಿ ಹೇಳುವುದು ನನ್ನಿಂದಾಗಲಿಲ್ಲ. ‘ಮೈ ಹಗರ ಆಗೇದ, ಇನ್ನ್ಯಾಕ ಗುಳಿಗಿ?’ ಎಂದು ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದರು. ಆಯಿಗೂ ಮೊದಮೊದಲು ಆ ಯೋಚನೆ ಬಂದಿತ್ತು. ಆಗ ಅಪ್ಪ ಒಂದೇ ಮಾತು ಕೇಳಿದ, ‘ಯವ್ವಾ, ನಿನ್ನೆ ಪೂಜಿ ಮಾಡೀದಿ, ಇವತ್ತ್ಯಾಕ ಮಾಡತಿ?’ ಆಯಿ ಅವನನ್ನು ದಿಟ್ಟಿಸಿ ನೋಡಿ, ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಳು. ಅಪ್ಪ ವರ್ಷಕ್ಕೆ ಒಂದೆರಡು ಸಲ ಮಾತ್ರ ಇಂಥ ಮಾತಾಡುತ್ತಾನೆ, ಉಳಿದ ದಿನ ಚಹಾ ಕೇಳುತ್ತಾನೆ.

ಉಪ್ಪಿನ ಕತೆ ಬೇರೆ. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂದು ನಾನೇ ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಸಿ, ಮನೆಗೆ ಬಂದು ಆಯಿಯ ತಾಟಿನಿಂದ ಉಪ್ಪಿನಕಾಯಿ ತೆಗೆಯುತ್ತಿದ್ದೆ. ‘ತಾಯಿನ್ನ ಉಳಿಸಾಕ ಉಪ್ಪು ಬಿಡಸ್ತಾಳ, ಗಾದಿ ಅರ್ಧಾ ಖರೇ ಮಾಡಾಕತ್ತಾಳ ನನ್ನ ಮೊಮ್ಮಗಳು’ ಎಂದು ಆಯಿ ಸಪ್ಪೆ ಪುಂಡಿಪಲ್ಯ ಉಣ್ಣುತ್ತಿದ್ದಳು.

ಇನ್ನು ಗುಳಿಗೆ ತರುವುದು. ಊರ ಕಿರಾಣಿ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಸಿಗುತ್ತದೆ, ಬೀಡಿ ಪಾಕೀಟಿನ ಪಕ್ಕದಲ್ಲೇ ಇರುತ್ತದೆ. ಬಿ.ಪಿ.ಯದ್ದು ಬೇಕೆಂದರೆ ಜೇವರ್ಗಿ. ಅಲ್ಲಿ ‘ನಾಳಿಗಿ ಬರ್ತದ್ರಿ’ ಎಂದರೆ ಹೊಳೆ ದಾಟಿ ಕಲಬುರ್ಗಿ. ಆದ್ದರಿಂದ ಊರಿನಿಂದ ಯಾರೇ ಕಲಬುರ್ಗಿಗೆ ಹೊರಟರೂ, ಕೋರ್ಟಿಗೆ ಹೋಗಲಿ, ಬಟ್ಟೆ ತರಲು ಹೋಗಲಿ, ಅವರ ಜೇಬಿನಲ್ಲಿ ಒಂದೆರಡು ಖಾಲಿ ಗುಳಿಗೆ ಪಟ್ಟಿ ಇರುತ್ತಿದ್ದವು, ‘ಇಂಥಾವಽ ತರ್ರಿ’ ಎಂಬ ಸಂದೇಶದೊಂದಿಗೆ. ನಮ್ಮ ಮನೆಯ ಪಟ್ಟಿ ಒಂದು. ಇನ್ನೊಂದು ಗೋಡೆಯಾಚೆಯ ಖಾಜಾಬಿ ಖಾಲಾನದು.

ನಮಗೆಲ್ಲ ಚಿಕ್ಕಮ್ಮನಂಥ ಖಾಜಾಬಿ ಖಾಲಾ ಆಯಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಗಂಡನಿಲ್ಲ, ಮಗ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಬೇಸಿಗೆಯಲ್ಲಿ ಬರುವಾಗ ಬೆಲ್ಲ ತರುತ್ತಾನೆ, ಗುಳಿಗೆ ತರಲು ಮರೆಯುತ್ತಾನೆ. ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು, ಅದರ ಮೇಲಿನ ಒಂದು ಕಲ್ಲು ಬಟ್ಟಲು ಇಟ್ಟು ಇಟ್ಟು ನುಣುಪಾಗಿದೆ. ಆ ಕಲ್ಲಿನ ಮೇಲಿಂದ ಆಚೀಚೆ ಹೋಗದ ವಸ್ತುವಿಲ್ಲ. ಹೆಪ್ಪು, ಹಿಂಡಿ, ಕರಿಬೇವು, ಸೂಜಿ, ರಮಜಾನಿನಲ್ಲಿ ಆ ಕಡೆಯಿಂದ ಸುರಕುಂಬಾ ಪಾಯಸ, ನಾಗರಪಂಚಮಿಗೆ ಈ ಕಡೆಯಿಂದ ಎಳ್ಳುಂಡೆ.

ಇಲ್ಲಿ ಹೆಪ್ಪಿನ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಹಾಲನ್ನು ಮೊಸರು ಮಾಡಲು ಹನಿ ಮೊಸರು ಬೇಕು. ಆ ಹನಿ ನಿನ್ನೆಯ ಮೊಸರಿನದು, ನಿನ್ನೆಯ ಮೊಸರಿನ ಹನಿ ಮೊನ್ನೆಯದು. ಹೀಗೆ ಹಿಂದೆ ಹಿಂದೆ ಹೋದರೆ ಜಗತ್ತಿನ ಮೊದಲ ಹೆಪ್ಪು ಯಾರ ಮನೆಯದು ಎಂಬ ಪ್ರಶ್ನೆ ಏಳುತ್ತದೆ. ದೊಡ್ಡ ದೊಡ್ಡವರು ಜಗತ್ತಿಗೆ ಮೊದಲು ಯಾವುದೆಂದು ವಾದ ಮಾಡಿದ್ದಾರಂತೆ. ಅವರ ಮನೆಯ ಹೆಂಗಸರು ಆ ಹೊತ್ತಿನಲ್ಲಿ ಪಕ್ಕದ ಮನೆಯಿಂದ ಹೆಪ್ಪು ತಂದು ಹಾಲಿಗೆ ಹಾಕಿರುತ್ತಾರೆ. ಹೆಪ್ಪಿಗೆ ನಮ್ಮಲ್ಲಿ ಎರಡು ಕಟ್ಟಳೆ. ಒಂದು, ಕೇಳಿ ಬಂದವರಿಗೆ ಇಲ್ಲ ಅನ್ನಬಾರದು, ದೀಪ ಹಚ್ಚುವುದರೊಳಗೆ ಬಂದಿದ್ದರೆ. ಎರಡು, ತಂದ ಬಟ್ಟಲನ್ನು ಬರಿದಾಗಿ ಮರಳಿಸಬಾರದು, ಏನಾದರೂ ಒಂದಿಷ್ಟು ಹಾಕಿಯೇ ಕೊಡಬೇಕು. ಈ ಎರಡು ಒಳ್ಳೆಯ ಕಟ್ಟಳೆಗಳೇ ನಮ್ಮ ಆಯಿಯ ಎಡಗೈಯನ್ನು ಮತ್ತೆ ಅಪಾಯಕ್ಕೆ ತಂದವು.

ಹೋದ ವರ್ಷ ಭಾದ್ರಪದದ ಮಳೆ ಹಿಡಿದಾಗ ಹಳ್ಳ ತುಂಬಿ ಬಸ್ಸು ನಿಂತಿತು. ಮಳೆ ಬಿಟ್ಟ ಮೇಲೆ ಆಯಿಯ ಕೈಯಲ್ಲಿ ಜುಮುಜುಮು ಶುರುವಾಯಿತು. ಅದಕ್ಕಿಂತ ವಿಚಿತ್ರವೆಂದರೆ, ಹಗಲು ಹೊತ್ತಿನಲ್ಲಿ ಅವಳು ಚಂಬು ಹಿಡಿದು ಹಿತ್ತಲಿಗೆ ಓಡಾಡುವುದು ಹೆಚ್ಚಾಯಿತು. ನಾನು ಇದನ್ನೂ ಬರೆದುಕೊಂಡೆ, ಆದರೆ ಎಷ್ಟು ಸಲ ಎಂದು ಇಲ್ಲಿ ಹೇಳಿದರೆ ಆಯಿ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಪೂಜೆಯಲ್ಲಿ ಅಂಗೈಯ ನೀರು ಮತ್ತೆ ನಡುಗತೊಡಗಿತು. ಒಂದು ದಿನ ಪತ್ರಿಯ ಎಲೆ ಜಾರಿ ತೊಡೆಯ ಮೇಲೆ ಬಿತ್ತು. ಎಲೆಯಷ್ಟೇ. ಆದರೂ ಆಯಿಯ ಮುಖ ಬಿಳಿಚಿತು. ಮರುದಿನ ನಾನು ಶಾಲೆಗೆ ರಜೆ ಬರೆದು ಅವಳನ್ನು ಜೇವರ್ಗಿಗೆ ಕರೆದುಕೊಂಡು ಹೋದೆ.

ಡಾಕ್ಟರು ಪಾದರಸ ನೋಡಿ ಹುಬ್ಬು ಗಂಟಿಕ್ಕಿದರು. ‘ಗುಳಿಗಿ ತಪ್ಪಿಸೀರೇನು?’

ನನಗೆ ರೋಷ ಬಂತು. ಚೀಲದಿಂದ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಪಕ್ಕದಲ್ಲಿ ನನ್ನ ಗೆರೆಗಳ ಕಾಗದವನ್ನೂ ಇಟ್ಟೆ. ‘ನೋಡ್ರಿ ಸರ್, ಒಂದ ದಿನಾನೂ ತಪ್ಪಿಲ್ಲ.’

ಡಾಕ್ಟರು ಕಾಗದವನ್ನು ಗೌರವದಿಂದಲೇ ನೋಡಿದರು. ಆಮೇಲೆ ಆಯಿಯ ಕಡೆ ತಿರುಗಿ, ‘ಆಯಿ, ಇಷ್ಟೂ ಗುಳಿಗಿ ನಿಮ್ಮ ಹೊಟ್ಟಿಗಽ ಹೋಗ್ಯಾವೇನ್ರಿ?’ ಎಂದರು.

ಆಯಿ ಸುಳ್ಳು ಹೇಳುವವಳಲ್ಲ. ಹಾಗೆಂದು ಕೇಳದ್ದನ್ನು ಹೇಳುವವಳೂ ಅಲ್ಲ. ಇದುವರೆಗೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಪಟ್ಟಿ ಖಾಲಿಯಾದ ಮೇಲೆ ಬರಿದಾದ ತೂತುಗಳನ್ನು ಎಣಿಸಿ ಗೆರೆ ಹಾಕುತ್ತಿದ್ದೆ, ಅಷ್ಟೆ.

‘ಎಲ್ಲಾ ನನ್ನ ಹೊಟ್ಟಿಗಿ ಹ್ಯಾಂಗ ಹೋಗ್ತಾವ್ರಿ? ಖಾಜಾಬಿಗಿ ಕೈಗಡ ಕೊಟ್ಟಿದ್ದೆ. ಆಕಿನೂ ಹೊಳ್ಳಿ ಕೊಟ್ಟಾಳ. ಒಂದು ಹೆಚ್ಚಿಗೇ ಕೊಟ್ಟಾಳ. ಲೆಕ್ಕ ಚುಕ್ತಾ ಆಗೇದ’ ಎಂದಳು ಸಮಾಧಾನದಿಂದ. ಹಾಗೆ ಹೇಳುತ್ತ ಸೊಂಟದ ಎಲೆಅಡಿಕೆ ಸಂಚಿಯನ್ನು ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಚಿಂದಿಬಟ್ಟೆಯಲ್ಲಿ ಕಟ್ಟಿದ್ದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದಳು. ಅವೂ ಬಿಳಿ. ಆದರೆ ತುಸು ದೊಡ್ಡವು, ಮಧ್ಯದಲ್ಲಿ ಗೆರೆ ಇರಲಿಲ್ಲ.

ಡಾಕ್ಟರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ‘ಇದು ಬ್ಯಾರೆ ಗುಳಿಗಿ ಆಯಿ! ಮೈಯಾಗಿನ ನೀರ ತಗಿಯೂದು. ಇದನ್ನ ನುಂಗಾಕತ್ತೀರಿ?’

‘ಹೌದ್ರಿ. ಅದಕ್ಕಽ ನನಗ ಹಿತ್ತಲ ಬಿಟ್ಟು ಕುಂಡ್ರಾಕ ಆಗವಲ್ದು’ ಎಂದ ಆಯಿಗೆ ಮೊದಲ ಸಲ ನಗು ಬಂತು. ಡಾಕ್ಟರಿಗೂ ಬಂತು, ಆದರೆ ಅವರು ಬೇಗ ನುಂಗಿಕೊಂಡರು. ‘ಆ ಖಾಜಾಬಿ ಯಾರು, ಅವರನ್ನೂ ಕರಕೊಂಡ ಬರ್ರಿ. ಅವರ ಹೊಟ್ಟ್ಯಾಗ ನಿಮ್ಮ ಗುಳಿಗಿ ಏನ ಮಾಡಾಕತ್ತೇದೋ ನೋಡಬೇಕು. ನಗೂ ಮಾತಲ್ಲ ಇದು. ಇನ್ನೊಂದ ಸಲ ಲಕ್ವಾ ಬಂದ್ರ ಅದು ಬಾಗಲದಾಗ ನಿಲ್ಲಂಗಿಲ್ಲ.’

ಆಯಿ ತನ್ನ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು.

ಬಸ್ಸಿನಲ್ಲಿ ಬರುತ್ತ ನಿಧಾನವಾಗಿ ವಿಷಯ ಬಿಚ್ಚಿದಳು. ಹಳ್ಳ ಬಂದ ವಾರ ಖಾಜಾಬಿಯ ಗುಳಿಗೆ ಮುಗಿದಿದ್ದವು. ಗೋಡೆಯ ಮೇಲೆ ಬಟ್ಟಲು ಬಂತು. ದೀಪ ಹಚ್ಚಿರಲಿಲ್ಲ. ಇಲ್ಲ ಎನ್ನುವುದು ಹೇಗೆ? ಪಟ್ಟಿಯಿಂದ ಒತ್ತಿ ಒತ್ತಿ ಬಟ್ಟಲಿಗೆ ಹಾಕಿದಳು, ಮೊಮ್ಮಗಳ ಲೆಕ್ಕ ಕೆಡಬಾರದೆಂದು ಖಾಲಿ ಪಟ್ಟಿಯನ್ನು ಅದೇ ಜಾಗದಲ್ಲಿ ಇಟ್ಟಳು. ತನಗೆ ಉಳಿಯಲಿಲ್ಲ ಎಂದು ಹೇಳಿದರೆ ಖಾಜಾಬಿ ತೆಗೆದುಕೊಳ್ಳುವವಳಲ್ಲ, ಆದ್ದರಿಂದ ಹೇಳಲಿಲ್ಲ. ಮಳೆ ನಿಂತ ಮೇಲೆ ಖಾಜಾಬಿ ತನ್ನ ಗುಳಿಗೆ ತರಿಸಿ, ಪಡೆದದ್ದಕ್ಕಿಂತ ಒಂದು ಹೆಚ್ಚು ಹಾಕಿ ಬಟ್ಟಲು ಮರಳಿಸಿದಳು. ಮೊಸರಿಗೆ ಮೊಸರು, ಹಿಟ್ಟಿಗೆ ಹಿಟ್ಟು, ಬಿಳಿ ಗುಳಿಗೆಗೆ ಬಿಳಿ ಗುಳಿಗೆ. ಎರಡೂ ಮನೆಯವರು ತಮ್ಮ ತಮ್ಮ ಮರ್ಯಾದೆಯನ್ನು ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ಅಂದು ಸಂಜೆ ಗೋಡೆಯ ಆ ಕಡೆ ಖಾಜಾಬಿ ಖಾಲಾ, ಈ ಕಡೆ ಆಯಿ. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಖಾಲಾ ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

‘ಯಾ ಅಲ್ಲಾ! ಅಕ್ಕಾ, ನಿನಗ ಇಲ್ದನ ನನಗ ಕೊಟ್ಟೇನು? ಬಾಯಿ ಇರಲಿಲ್ಲೇನ ನಿನಗ?’

‘ನೀ ಕೇಳಿದಿ, ನಾ ಕೊಟ್ಟೆ. ಇಷ್ಟ ದಿನ ಎಂದಾರ ಇಲ್ಲ ಅಂದೇನೇನು?’

‘ಅನ್ನಬೇಕಿತ್ತು! ನಾಳಿ ನಾ ಬಂದು, ಅಕ್ಕಾ, ನಿನ್ನ ಕೊರಳಾಗಿನ ಲಿಂಗಪ್ಪನ ಎರಡ ದಿನ ಕೈಗಡ ಕೊಡು ಅಂದ್ರ ಕೊಡ್ತೀಯೇನು?’

ಆಯಿ ಗಾಬರಿಯಾದಳು. ‘ಏನ ಮಾತಂತ ಆಡ್ತೀಬೇ! ಅದು ಕೊಡೂ ವಸ್ತುನಽ? ಗುರು ನನಗಂತ ಕಟ್ಟಿದ್ದು.’

‘ಮತ್ತ ಈ ದವಾನೂ ಡಾಕ್ಟ್ರು ನಿನಗಂತ ಕಟ್ಟಿದ್ದು. ನಂದು ನನಗಂತ. ನಿಂದು ನಿನ್ನ ಕೊರಳಾಗ, ನಂದು ನನ್ನ ಕೊರಳಾಗ. ಮುಗೀತು ನೋಡು.’

ಆಯಿ ಕೊರಳ ಲಿಂಗವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ವಾದದಲ್ಲಿ ಅವಳು ಸೋಲೊಪ್ಪಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಆಮೇಲೆ ಕೇಳಿದಳು, ‘ಖರೇ ಐತಿ. ಆದ್ರ ಮತ್ತ ಹಳ್ಳ ಬಂದ್ರ ನೀ ಏನ ನುಂಗತಿ?’

ಇದು ನನ್ನ ಮತ್ತು ಡಾಕ್ಟರ ತಲೆಗೆ ಹೊಳೆಯದ ಪ್ರಶ್ನೆಯಲ್ಲ, ಆದರೆ ನಾವು ಅದನ್ನು ಅಲ್ಲಿಗೇ ಬಿಟ್ಟಿದ್ದೆವು. ಕೊಡಬೇಡ ಎಂದು ಹೇಳುವುದು ಸುಲಭ. ಕೊಡಬೇಕಾದ ಪ್ರಸಂಗವೇ ಬಾರದಂತೆ ಮಾಡುವುದು ಹೇಗೆ? ಕತ್ತಲಾಗುತ್ತಿತ್ತು. ಖಾಲಾನ ಕೈಯಲ್ಲಿ ಎಂದಿನಂತೆ ಹೆಪ್ಪಿನ ಬಟ್ಟಲಿತ್ತು, ಅವಳ ಮನೆಯ ಮೊಸರನ್ನು ಬೆಕ್ಕು ನೆಕ್ಕಿತ್ತಂತೆ. ಆಯಿ ಒಳಗೆ ಹೋಗಿ ಗಡಿಗೆಯಿಂದ ಮೊಸರು ತೆಗೆದುಕೊಂಡು ಬಂದಳು. ಬರುತ್ತ ಬರುತ್ತಲೇ ಅವಳ ಮುಖದಲ್ಲಿ ಏನೋ ಹೊಳೆದದ್ದು ಕಂಡಿತು.

‘ಗಡಗಿ ಬಳದು ಉಣ್ಣೂ ಮನ್ಯಾಗ ಮೊಸರ ಉಳೀತದೇನ ಖಾಜಾಬಿ? ತಳದಾಗಿಂದು ನಮ್ಮದಲ್ಲ, ನಾಳಿಗಿಂದು. ಹಸದರೂ ಅದನ್ನ ಮುಟ್ಟಂಗಿಲ್ಲ. ಗುಳಿಗಿಗೂ ಹಂಗಽ ಒಂದು ಹೆಪ್ಪ ಇಡೂಣು. ಪಟ್ಟಿ ಕೊನಿ ಸಾಲಿಗೆ ಬಂತಂದ್ರ ಮುಗೀತು ಅಂತಽ ತಿಳಿಯೂದು. ಹೊಸಾದು ತರಸೂದು. ಹೊಸಾದು ಮನಿಗಿ ಬಂದ ಮ್ಯಾಲನ ಹಳೇ ಸಾಲ ಒಡಿಯೂದು.’

‘ಹಳ್ಳ ಬಂದ್ರ?’ ಎಂದೆ ನಾನು.

‘ಹಳ್ಳ ಇಳಿಯೂತನಾ ಹೆಪ್ಪ ಉಣ್ಣೂದು. ಮತ್ತ ಅದಕ್ಕಽ ಅಲ್ಲೇನ ಹುಚ್ಚಿ ಇಡೂದು?’

ಖಾಲಾ ಬಟ್ಟಲನ್ನು ಕಲ್ಲಿನ ಮೇಲಿಟ್ಟು ಎರಡೂ ಕೈ ಎತ್ತಿದಳು. ‘ಬಹುತ್ ಖೂಬ್! ನೀ ಡಾಕ್ಟ್ರಕಿ ಓದಬೇಕಿತ್ತ ಅಕ್ಕಾ.’

‘ಓದಿದ್ರ ನಿನ್ನಂಥಾಕಿಗಿ ಸೂಜಿ ಚುಚ್ಚತಿದ್ದೆ’ ಎಂದಳು ಆಯಿ.

ಮರುವಾರ ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಖಾಲಾನನ್ನೂ ನೋಡಿ, ಸದ್ಯ ಏನೂ ಕೆಟ್ಟಿಲ್ಲ ಎಂದರು. ರಮಜಾನಿನ ರೋಜಾ ಉಪವಾಸ ಹಿಡಿದಾಗ ಯಾವ ಹೊತ್ತಿಗೆ ನುಂಗಬೇಕೆಂದು ಅವಳೇ ಕೇಳಿದಳು, ಅದಕ್ಕೂ ಹೊತ್ತು ಕಟ್ಟಿಕೊಟ್ಟರು. ಆಯಿ ಹೆಪ್ಪಿನ ಮಾತು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಕೇಳಿದರು. ‘ನಾ ಎಲ್ಲಾರಿಗೂ ಮುಗಿಯೂ ಮೊದಲ ತರ್ರಿ ಅಂತ ಹೇಳ್ತೇನ್ರಿ. ಹೂಂ ಅಂತಾರ, ಮುಗದ ಮ್ಯಾಲ ಬರ್ತಾರ. ಇನ್ನ ಮ್ಯಾಲ ಹಿಂಗ ಹೇಳ್ತೇನಿ’ ಅಂದರು. ಆಯಿ ಆ ದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನೇ ಬೇಕೆಂದು ಕೇಳಿ ಕುಳಿತಳು.

ನಮ್ಮ ಓಣಿಗೆ ಇದು ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಗುಳಿಗೆ ಬಿಟ್ಟು ಕುಳಿತಿದ್ದವರ ಮನೆಗೆ ಆಯಿಯೇ ಹೋಗಿ ಕುಳಿತಳು. ಬಿ.ಪಿ. ಅಂದರೇನು ಎಂದು ಅವಳು ಹೇಳಲಿಲ್ಲ, ಅದು ಅವಳಿಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಎಡಗೈ ಚಾಚಿ ತೋರಿಸಿದಳು. ‘ಇದು ಹೋಗಿ ಬಂದ ಕೈ. ನಿಮ್ಮದು ಹೋದ್ರ ಬರ್ತದೋ ಇಲ್ಲೋ, ನನಗೇನ ಗೊತ್ತು’ ಎಂದು ಎದ್ದು ಬಂದಳು. ಒಬ್ಬಿಬ್ಬರು ಬೈದರು. ಬೈದವರಲ್ಲೇ ಒಬ್ಬರು ಮರುವಾರ ಕಲಬುರ್ಗಿಗೆ ಹೊರಟವರ ಜೇಬಿಗೆ ತಮ್ಮ ಖಾಲಿ ಪಟ್ಟಿ ಹಾಕಿದರು. ಈಗ ನಮ್ಮ ಓಣಿಯಲ್ಲಿ ‘ಹೆಪ್ಪಿಗೆ ಬಂತೇನ್ರಿ?’ ಎಂದರೆ ಮೊಸರಿನ ಮಾತೋ ಗುಳಿಗೆಯ ಮಾತೋ ಎಂದು ಕೇಳುವವರ ತಲೆಯ ನರೆ ನೋಡಿ ತಿಳಿಯಬೇಕು.

ಈ ವರ್ಷ ಮೇ ತಿಂಗಳಲ್ಲಿ ಆಳಂದ ತಾಲೂಕಿನ ಸರಸಂಬಾದಲ್ಲಿ ಆಯಿಯ ತಂಗಿಯ ಮೊಮ್ಮಗನ ಮದುವೆ. ಜೇವರ್ಗಿ, ಆಳಂದ, ಅಫಜಲಪುರ, ಮೂರೂ ತಾಲೂಕಿನ ಬೀಗರು ಬಿಜ್ಜರು ಕೂಡಿದ್ದರು. ಅಕ್ಕಿಕಾಳು ಬಿದ್ದ ಮೇಲೆ ಹಿರಿಯರೆಲ್ಲ ಹಂದರದ ಒಂದು ಮೂಲೆಯಲ್ಲಿ ಕುಳಿತು ತಮ್ಮ ತಮ್ಮ ರೋಗಗಳ ಸುದ್ದಿ ತೆಗೆದರು. ಆಯಿ ನಡುವೆ ಕುಳಿತು ಸಂಚಿ ಬಿಚ್ಚಿ, ಅದರಿಂದ ತನ್ನ ಪಟ್ಟಿಯ ಒಡೆಯದ ಸಾಲನ್ನು ತೆಗೆದು, ಮದುವಣಗಿತ್ತಿಯ ಚಿನ್ನ ತೋರಿಸುವ ಹಾಗೆ ತೋರಿಸಿದಳು. ಅಫಜಲಪುರ ಕಡೆಯ ಒಬ್ಬ ಬೀಗಿತ್ತಿ ಅದನ್ನು ಕೈಗೆ ತೆಗೆದುಕೊಂಡು ನೋಡಲು ಹೋದಳು. ಆಯಿ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ‘ನೋಡಾಕಷ್ಟ, ಮುಟ್ಟಾಕಲ್ಲ. ನಿಂದು ನೀ ಇಡು’ ಎಂದಳು. ಊಟಕ್ಕೆ ಕುಳಿತಾಗ ಉಪ್ಪಿಗೆ ಅಂಜಿ ಹಪ್ಪಳವನ್ನು ಬೇಡವೆಂದವರು ಎಷ್ಟು ಜನ ಎಂದು ಎಣಿಸಲು ನಾನು ಪ್ರಯತ್ನಿಸಿದೆ. ಬಡಿಸುವವರು ಅಡ್ಡ ಬಂದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಸೋಮವಾರ ಮಧ್ಯಾಹ್ನ ಒಂದೂವರೆಗೆ ನಾನು ಆಳಂದ ಬಸ್ ನಿಲ್ದಾಣದಲ್ಲಿದ್ದೆ. ಪಕ್ಕದಲ್ಲಿ ರುಮಾಲಿನ ಒಬ್ಬ ಹಿರಿಯರು ಮಗನಿಗೆ ಬೈಯುತ್ತಿದ್ದರು. ‘ಹೆಪ್ಪಿಗೆ ಬಂದಾವಂತ ನಾಕ ದಿನ ಆತು ಹೇಳಾಕತ್ತು. ಬರೀ ಹೂಂ ಅಂತಿ. ಅವ್ವಗ ಏನರೆ ಆದ್ರ ಯಾರು ಹೊಣಿ?’ ನನ್ನ ಕಿವಿ ನೆಟ್ಟಗಾಯಿತು. ಯಾವ ಹೆಪ್ಪು ಎಂದು ಕೇಳಿದೆ. ‘ಬಿ.ಪಿ. ಗುಳಿಗಿದ್ರಿ ತಂಗಿ. ಕೊನಿ ಸಾಲ ಮುಟ್ಟಬಾರದಲ್ಲ, ಅದು’ ಎಂದರು, ಜಗತ್ತಿಗೆಲ್ಲ ಗೊತ್ತಿರುವ ಮಾತಿನ ಹಾಗೆ. ಇದನ್ನು ಯಾರು ಕಲಿಸಿದರು ಎಂದೆ. ‘ಕಲಸೂದೇನು, ನಮ್ಮ ಅಫಜಲಪುರ ಕಡೆ ಮೊದಲಿಂದನೂ ಹಂಗಽ ಅದ’ ಎಂದರು.

ಮೊದಲಿಂದನೂ! ನನ್ನ ಹತ್ತಿರ ದಿನಾಂಕವಿದೆ, ಗಂಟೆಯಿದೆ, ಗೋಡೆಯ ಆ ಕಡೆ ಈ ಕಡೆ ಯಾರು ನಿಂತಿದ್ದರು ಎಂಬುದಿದೆ. ಬಾಯಿಗೆ ಬಂದದ್ದನ್ನು ಹೇಳುವಷ್ಟರಲ್ಲಿ ಅವರ ಬಸ್ಸು ಬಂತು, ಅದೊಂದು ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ಮನೆಗೆ ಬಂದು ಆಯಿಗೂ ಖಾಲಾಗೂ ದೂರು ಹೇಳಿದೆ. ನನ್ನ ಎಣಿಕೆಯಲ್ಲಿ ಅವರಿಗೂ ಸಿಟ್ಟು ಬರಬೇಕಿತ್ತು.

‘ಅದು ನನ್ನ ಮಾತು’ ಎಂದಳು ಆಯಿ, ಇಷ್ಟಗಲ ಮುಖ ಮಾಡಿ.

‘ಲಿಂಗಪ್ಪನ ಮಾತು ತಗದಾಕಿ ನಾನು. ನಾ ಅನ್ನದಿದ್ರ ನಿನಗ ಎಲ್ಲಿ ಹೊಳೀತಿತ್ತು’ ಎಂದಳು ಖಾಲಾ ಗೋಡೆಯಾಚೆಯಿಂದ.

‘ಅದಲ್ಲಾ, ಅವರು ತಮ್ಮದಂತಾರಲ್ಲ!’ ಎಂದೆ.

ಆಯಿ ನಕ್ಕಳು. ‘ನಮ್ಮ ಗಡಗ್ಯಾಗಿನ ಮೊಸರು ಮೊದಲ ಯಾರ ಮನಿ ಹೆಪ್ಪಿಂದು, ಹೇಳು ನೋಡೂಣು? ನೀ ಎಲ್ಲಾ ಬರದ ಇಡ್ತಿ.’

ನಾನು ಬರೆದಿರಲಿಲ್ಲ. ಆಯಿ ನಮ್ಮ ಮನೆಗೆ ಬರುವ ಮೊದಲೇ ಇದ್ದ ಹೆಪ್ಪು ಅದು. ನಡುವೆ ಎಷ್ಟು ಸಲ ಬೆಕ್ಕು ನೆಕ್ಕಿತೋ, ಎಷ್ಟು ಸಲ ಗೋಡೆ ದಾಟಿ ಹೋಗಿ ಮರಳಿ ಬಂತೋ. ಗುಳಿಗೆಯನ್ನು ಕೊಟ್ಟರೆ ನಮ್ಮ ಪಟ್ಟಿಯಲ್ಲಿ ಒಂದು ತೂತು ಬೀಳುತ್ತದೆ. ಈ ಮಾತನ್ನು ಮೂರು ತಾಲೂಕಿಗೆ ಕೊಟ್ಟರೂ ನಮ್ಮ ಗಡಿಗೆಯಲ್ಲಿ ಹನಿ ಕಡಿಮೆಯಾಗಿಲ್ಲ. ಅಫಜಲಪುರದವರು ತಮ್ಮದೆಂದರೆ ಮೊಸರು ಚೆನ್ನಾಗಿ ಹೆಪ್ಪುಗಟ್ಟಿದೆ ಎಂದೇ ಅರ್ಥ. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಜಂಬ ಮಾತ್ರ ಕಡಿಮೆಯಾಗಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಪಕ್ಕದ ಕೋಣೆಯ ಪೂಜೆ ಮುಗಿಯುತ್ತ ಬಂದಿದೆ. ಬಾಗಿಲಿಂದ ಕಾಣುತ್ತದೆ. ಎಡಅಂಗೈಯ ಮೇಲೆ ಲಿಂಗ, ಅದರ ಸುತ್ತ ಅಂಗೈಯ ಗುಣಿಯಲ್ಲಿ ನೀರು. ಆ ನೀರಿನಲ್ಲಿ ಮೇಲಿನ ಬೆಳಕಿಂಡಿ ಚೌಕವಾಗಿ ಬಿದ್ದಿದೆ, ಅಲುಗಾಡುತ್ತಿಲ್ಲ. ಬಲಗೈ ಕೆಳಗೆ ಆನಿಸಿಲ್ಲ, ಮಂಡಿಯ ಮೇಲಿದೆ. ಜಂಬಪಡಲು ಏನಿದೆ ಎಂದು ಕೇಳಿದಿರಲ್ಲ, ಇದು.

ಆದರೂ ಬರೆದಿಡುವವಳ ಚಟ ಬಿಡದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರೇ ಆಗಲಿ, ಬೇರೆ ಯಾರೇ ಆಗಲಿ, ಗುಳಿಗೆಯ ಕೊನೆಯ ಸಾಲನ್ನು ಮುಟ್ಟದೆ ಇಡುವ ಪದ್ಧತಿ ನಿಮ್ಮ ಮನೆಯಲ್ಲಿ ಹೋದ ವರ್ಷದ ಭಾದ್ರಪದಕ್ಕಿಂತ ಮೊದಲೇ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಯಾರು ಶುರು ಮಾಡಿದರು, ಅದಕ್ಕೆ ನೀವು ಏನೆನ್ನುತ್ತೀರಿ, ಎಲ್ಲವನ್ನೂ ಬರೆಯಿರಿ. ಸಾಧ್ಯವಾದರೆ ದಿನಾಂಕ ಸಹಿತ. ಪೂಜೆ ಮುಗಿಸಿ ಎದ್ದ ಆಯಿಗೆ ಈ ಕೊನೆಯ ಸಾಲುಗಳನ್ನು ಈಗಷ್ಟೇ ಓದಿ ಹೇಳಿದೆ. ಅವಳು ಸಂಚಿ ಬಿಚ್ಚುತ್ತ ಹೇಳಿದ್ದನ್ನೂ ಸೇರಿಸುತ್ತಿದ್ದೇನೆ.

‘ಬರೀರಿ ಅನ್ನು. ಅವಸರಿಲ್ಲ. ಮೊದಲ ಗುಳಿಗಿ ನುಂಗಿ ಕುಂಡ್ರಲಿ.’